ಮುಳುಗುವವನ ಕೈ ಹಿಡಿದರೆ ಕೈಗೆ ಕೋಳವೇ?

2007ರ ಆಗಸ್ಟ್ ತಿಂಗಳ ಮಾತು. ಟ್ಯುನಿಷಿಯಾದ ಏಳು ಮಂದಿ ಮೀನುಗಾರರು ಎರಡು ಬೋಟುಗಳಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದಿದ್ದರು. ಇಟಲಿಗೆ ಸೇರಿದ ಲ್ಯಾಂಪೆಡೂಸಾ ದ್ವೀಪದ ಆಚೆ ಅವರಿಗೊಂದು ರಬ್ಬರ್ ದೋಣಿ ಕಂಡಿತು. ಇನ್ನೇನು ಮುಳುಗುವ ಹಾಗಿತ್ತು. ಒಳಗೆ 44 ಜನ. ಹೆಂಗಸರೂ ಮಕ್ಕಳೂ ಇದ್ದರು. ಕಡಲನ್ನೇ ನಂಬಿ ಬದುಕುವವರು ಇಂಥ ಹೊತ್ತಲ್ಲಿ ಏನು ಮಾಡ್ತಾರೋ ಅದನ್ನೇ ಇವರೂ ಮಾಡಿದರು. ಜನರನ್ನು ತಮ್ಮ ಬೋಟಿಗೆ ಹತ್ತಿಸಿಕೊಂಡು ಲ್ಯಾಂಪೆಡೂಸಾಕ್ಕೆ ಕರೆತಂದರು. ದಡ ಸೇರಿದ ಮೇಲೆ ಇಟಲಿಯ ಪೊಲೀಸರು ಏಳು ಮಂದಿಯನ್ನೂ ಬಂಧಿಸಿದರು. ಅಕ್ರಮ ವಲಸೆಗೆ ನೆರವಾದರು ಎಂಬುದು ಆರೋಪ.

ವಾರಗಟ್ಟಲೆ ಜೈಲು. ಬೋಟುಗಳು ಜಪ್ತಿ. 2009ರಲ್ಲಿ ಸಿಸಿಲಿಯ ಅಗ್ರಿಜೆಂಟೊ ಕೋರ್ಟು ಐವರನ್ನು ಬಿಟ್ಟಿತು. ಇಬ್ಬರು ತಂಡೇಲರಿಗೆ ಮಾತ್ರ ಎರಡೂವರೆ ವರ್ಷದ ಶಿಕ್ಷೆ. ಬಂದರಿಗೆ ಬರುವಾಗ ಅಧಿಕಾರಿಗಳಿಗೆ ಎದುರು ನಿಂತರು ಎಂಬ ಕಾರಣ. 2011ರಲ್ಲಿ ಮೇಲ್ಮನವಿ ಕೋರ್ಟು ಅವರನ್ನೂ ನಿರ್ದೋಷಿಗಳೆಂದು ಹೇಳಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಬೋಟು ಕೈಬಿಟ್ಟ ಮೀನುಗಾರನ ಮನೆಯಲ್ಲಿ ನಾಲ್ಕು ವರ್ಷ ಅಂದರೆ ಎಂತ ಅಂತ ನಮ್ಮ ಉಳ್ಳಾಲ, ಬೆಂಗ್ರೆ, ಮಲ್ಪೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಹಳೇ ಕಥೆ ಅಂತ ಪುಟ ತಿರುಗಿಸಬೇಡಿ. ಆಮೇಲೆ ನಡೆದದ್ದೆಲ್ಲ ಇದೇ ಜಾಡಿನಲ್ಲಿ ನಡೆದಿದೆ. ಮೀನುಗಾರರ ಜಾಗಕ್ಕೆ ಯುರೋಪಿನ ಸ್ವಯಂಸೇವಾ ಸಂಸ್ಥೆಗಳು ಬಂದವು, ಸಣ್ಣ ಬೋಟಿನ ಜಾಗಕ್ಕೆ ದೊಡ್ಡ ಹಡಗುಗಳು ಬಂದವು. ಕೇಸು ಮಾತ್ರ ಅದೇ. ವಿಶ್ವಸಂಸ್ಥೆಯ ವಲಸೆ ಸಂಸ್ಥೆಯ ಲೆಕ್ಕದ ಪ್ರಕಾರ 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರು ಮತ್ತು ಕಾಣೆಯಾದವರು 30 ಸಾವಿರಕ್ಕೂ ಹೆಚ್ಚು. ಇಷ್ಟು ಜನ ಮುಳುಗಿದ ನೀರಿನಲ್ಲಿ ಕಾಪಾಡಲು ಹೋದವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ ಎಂಬುದು ಇವತ್ತಿನ ನಮ್ಮ ಪ್ರಶ್ನೆ.

ಕಡಲಿನ ಕಾನೂನು ಏನು ಹೇಳುತ್ತದೆ?

ಮೊದಲು ಕಾನೂನಿನ ಮಾತನ್ನೇ ನೋಡೋಣ. ಯಾಕಂದ್ರೆ ಇಲ್ಲಿ ಗೊಂದಲ ಇರುವುದು ಕಡಲಿನ ಕಾನೂನಿನಲ್ಲಿ ಅಲ್ಲ. ಅದು ಸ್ಪಷ್ಟವಾಗಿಯೇ ಉಂಟು.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿ ಎಲ್ಲ ದೇಶಗಳಿಗೂ ಒಂದು ಹೊಣೆ ಹೊರಿಸಿದೆ. ತನ್ನ ಧ್ವಜ ಹಾರಿಸುವ ಹಡಗಿನ ಕ್ಯಾಪ್ಟನ್, ಸಮುದ್ರದಲ್ಲಿ ಜೀವಾಪಾಯದಲ್ಲಿ ಇರುವ ಯಾರೇ ಕಂಡರೂ, ತನ್ನ ಹಡಗಿಗೆ ಮತ್ತು ಅದರಲ್ಲಿರುವವರಿಗೆ ಗಂಭೀರ ಅಪಾಯ ಇಲ್ಲದ ಮಟ್ಟಿಗೆ, ನೆರವು ಕೊಡುವಂತೆ ಆ ದೇಶ ನೋಡಿಕೊಳ್ಳಬೇಕು. ‘ಯಾರೇ ಆದರೂ’ ಎಂಬ ಮಾತನ್ನು ಗಮನಿಸಿ. ವೀಸಾ ಇದ್ದವರು ಅಂತ ಇಲ್ಲ, ಪಾಸ್‌ಪೋರ್ಟ್ ಇದ್ದವರು ಅಂತಲೂ ಇಲ್ಲ. ಭಾರತ 1995ರಲ್ಲಿ ಈ ಒಪ್ಪಂದವನ್ನು ಅನುಮೋದಿಸಿದೆ. ಇಟಲಿ, ಗ್ರೀಸ್, ಮಾಲ್ಟಾ ಕೂಡ ಅನುಮೋದಿಸಿವೆ.

ಇದರ ಜೊತೆಗೆ 1974ರ ಸಮುದ್ರ ಸುರಕ್ಷತೆಯ ಒಪ್ಪಂದ ಉಂಟು, 1979ರ ಶೋಧ ಮತ್ತು ರಕ್ಷಣೆಯ ಒಪ್ಪಂದ ಉಂಟು. ಆಪತ್ತಿನಲ್ಲಿರುವವರ ರಾಷ್ಟ್ರೀಯತೆ ಯಾವುದು, ಅವರ ಕಾನೂನು ಸ್ಥಿತಿ ಏನು ಅಂತ ನೋಡದೆ ಕಾಪಾಡಬೇಕು ಎನ್ನುತ್ತವೆ ಇವು. 2006ರಲ್ಲಿ ಜಾರಿಗೆ ಬಂದ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೀರಿನಿಂದ ಎತ್ತಿದಷ್ಟಕ್ಕೆ ರಕ್ಷಣೆ ಮುಗಿಯುವುದಿಲ್ಲ, ಕಾಪಾಡಿದವರನ್ನು ‘ಸುರಕ್ಷಿತ ಸ್ಥಳ’ಕ್ಕೆ ಇಳಿಸಬೇಕು, ಅಂಥ ಸ್ಥಳ ಒದಗಿಸುವ ಹೊಣೆ ಆ ಸಮುದ್ರ ವಲಯದ ಸರ್ಕಾರದ್ದು.

ಹಾಗಾದರೆ ಲಿಬಿಯಾ ಸುರಕ್ಷಿತ ಸ್ಥಳವೇ? ಅಲ್ಲಿಂದ ಹೊರಟವರನ್ನು ಅಲ್ಲಿಗೇ ಬಿಟ್ಟರೆ ಆಯ್ತಲ್ಲ ಅಂತ ಕೆಲವರು ಕೇಳುವುದುಂಟು. 2009ರಲ್ಲಿ ಇಟಲಿ ಹಾಗೆಯೇ ಮಾಡಿತ್ತು. ಸಮುದ್ರದಲ್ಲಿ ಸಿಕ್ಕವರನ್ನು ವಿಚಾರಿಸದೆ ಟ್ರಿಪೋಲಿಗೆ ವಾಪಸ್ ಬಿಟ್ಟಿತ್ತು. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ‘ಹಿರ್ಸಿ ಜಮಾ’ ಪ್ರಕರಣದಲ್ಲಿ ಇದು ತಪ್ಪು ಎಂದು ಸಾರಾಸಗಟಾಗಿ ಹೇಳಿತು. ಲಿಬಿಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶ ಅಲ್ಲ. ಅಲ್ಲಿನ ಬಂಧನ ಕೇಂದ್ರಗಳಲ್ಲಿ ವಲಸಿಗರ ಮೇಲೆ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿವೆ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡವೇ 2023ರಲ್ಲಿ ವರದಿ ಕೊಟ್ಟಿದೆ. ಅಂಥ ಜಾಗಕ್ಕೆ ವಾಪಸ್ ಬಿಡು ಎಂದರೆ ಯಾವ ಕ್ಯಾಪ್ಟನ್ ಕೇಳಿಯಾನು?

ಗಂಟು ಇರುವುದು ಎಲ್ಲಿ?

ಕಡಲಿನ ಕಾನೂನು ಇಷ್ಟು ಸ್ಪಷ್ಟ ಇರುವಾಗ ಕೇಸು ಹಾಕುವುದು ಹೇಗೆ? ಅದಕ್ಕೆ ಬೇರೊಂದು ಕಾನೂನು ಉಂಟು, ವಲಸೆ ಕಾನೂನು.

ವಲಸಿಗರ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆ 2000ದಲ್ಲಿ ಒಂದು ಪ್ರೊಟೊಕಾಲ್ ತಂದಿತು. ಅದರಲ್ಲಿ ಕಳ್ಳಸಾಗಣೆ ಎಂದರೆ ಏನೆಂದು ಬರೆದಿದ್ದಾರೆ: ಹಣ ಅಥವಾ ಬೇರೆ ಯಾವುದಾದರೂ ಲಾಭಕ್ಕಾಗಿ ಒಬ್ಬನನ್ನು ಅಕ್ರಮವಾಗಿ ಗಡಿ ದಾಟಿಸುವುದು. ಲಾಭ ಇದ್ದರೆ ಅಪರಾಧ. ಇದು ಯಾರಿಗೂ ಅರ್ಥವಾಗುವ ಮಾತು. ಆದರೆ 2002ರಲ್ಲಿ ಯುರೋಪಿಯನ್ ಒಕ್ಕೂಟ ತನ್ನದೇ ನಿರ್ದೇಶನ ತಂದಾಗ, ಗಡಿ ದಾಟಿಸುವ ವಿಷಯದಲ್ಲಿ ಈ ‘ಲಾಭ’ ಎಂಬ ಷರತ್ತನ್ನು ಕೈಬಿಟ್ಟಿತು. ದುಡ್ಡು ತೆಗೆದುಕೊಳ್ಳದೆ ನೆರವಾದರೂ ಅಪರಾಧವೇ. ಮಾನವೀಯ ನೆರವಿಗೆ ವಿನಾಯಿತಿ ಕೊಡಬಹುದು ಅಂತ ಅದರಲ್ಲಿ ಒಂದು ಸಾಲು ಇದೆ, ಇಲ್ಲ ಅಂತಲ್ಲ. ಆದರೆ ‘ಕೊಡಬೇಕು’ ಅಂತ ಇಲ್ಲ, ‘ಕೊಡಬಹುದು’ ಅಂತ ಇದೆ. ಕೊಡುವುದೂ ಬಿಡುವುದೂ ಆಯಾ ದೇಶದ ಮರ್ಜಿ.

ಈ ಒಂದು ಕ್ರಿಯಾಪದದಲ್ಲಿ ಎಷ್ಟೋ ಜನರ ಬದುಕು ಸಿಕ್ಕಿಹಾಕಿಕೊಂಡಿದೆ. ಒಂದು ಕಾನೂನು ‘ಕಾಪಾಡಲೇಬೇಕು’ ಎನ್ನುತ್ತದೆ. ಇನ್ನೊಂದು ‘ಕಾಪಾಡಿ ಕರೆತಂದರೆ ನೀನೂ ಆರೋಪಿಯಾಗಬಹುದು’ ಎನ್ನುತ್ತದೆ. ನಡುವೆ ನಿಂತ ಕ್ಯಾಪ್ಟನ್ ಎಲ್ಲಿಗೆ ಹೋಗಬೇಕು?

ಕೇಸು ನಡೆಯುವುದೇ ಶಿಕ್ಷೆ

2013ರ ಅಕ್ಟೋಬರ್ 3ರಂದು ಲ್ಯಾಂಪೆಡೂಸಾದ ದಡದ ಹತ್ತಿರವೇ ದೋಣಿ ಮುಳುಗಿ 368 ಜನ ಸತ್ತರು. ಇಟಲಿಗೆ ಆಗ ಕರುಳು ಚುರುಕ್ ಅಂದಿತು. ‘ಮಾರೆ ನಾಸ್ಟ್ರಮ್’ ಎಂಬ ಹೆಸರಲ್ಲಿ ನೌಕಾಪಡೆಯೇ ಜನರನ್ನು ಕಾಪಾಡಲು ಇಳಿಯಿತು. ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಕಾಪಾಡಿತು. ಇದನ್ನು ನಾವು ಮರೆಯಬಾರದು. ಆದರೆ 2014ರ ಅಕ್ಟೋಬರ್‌ನಲ್ಲಿ ಆ ಕಾರ್ಯಾಚರಣೆ ನಿಂತಿತು. ಖಾಲಿಯಾದ ಜಾಗ ತುಂಬಲು ಬಂದದ್ದು ಸ್ವಯಂಸೇವಾ ಸಂಸ್ಥೆಗಳ ಹಡಗುಗಳು.

ಅವುಗಳಲ್ಲಿ ಒಂದು ‘ಯುವೆಂಟಾ’. ಜರ್ಮನಿಯ ಯುವಕ ಯುವತಿಯರು ‘ಯೂಗೆಂಡ್ ರೆಟೆಟ್’ ಎಂಬ ಸಂಸ್ಥೆ ಕಟ್ಟಿ, ಚಂದಾ ಎತ್ತಿ, ಹಳೇ ಹಡಗೊಂದನ್ನು ಕೊಂಡು 2016ರಲ್ಲಿ ಸಮುದ್ರಕ್ಕೆ ಇಳಿಸಿದರು. ಸುಮಾರು 14 ಸಾವಿರ ಜನರ ರಕ್ಷಣೆಯಲ್ಲಿ ಆ ಹಡಗಿನ ಪಾಲಿದೆ. 2017ರ ಆಗಸ್ಟ್‌ನಲ್ಲಿ ಇಟಲಿ ಅದನ್ನು ಜಪ್ತಿ ಮಾಡಿತು. ಕಳ್ಳಸಾಗಣೆದಾರರ ಜೊತೆ ಕೈಜೋಡಿಸಿದ್ದಾರೆ ಎಂಬ ಆರೋಪ. ಫೋನ್ ಕದ್ದಾಲಿಸಿದರು, ಸಾವಿರಾರು ಪುಟಗಳ ಕಡತ ಮಾಡಿದರು. 2021ರಲ್ಲಿ 21 ಮಂದಿ ಮತ್ತು ಸಂಸ್ಥೆಗಳ ಮೇಲೆ ಆರೋಪ ಹೊರಿಸಿದರು. 20 ವರ್ಷದವರೆಗೆ ಜೈಲಾಗಬಹುದಾದ ಆರೋಪ. 2024ರಲ್ಲಿ ಸರ್ಕಾರಿ ವಕೀಲರೇ ಎದ್ದು ನಿಂತು ‘ಕೇಸು ಕೈಬಿಡಿ’ ಎಂದು ಕೇಳಿದರು. ಆ ಏಪ್ರಿಲ್‌ನಲ್ಲಿ ಟ್ರಾಪಾನಿ ಕೋರ್ಟು ವಿಚಾರಣೆಯೇ ಬೇಡ ಎಂದು ಎಲ್ಲರನ್ನೂ ಬಿಟ್ಟಿತು.

ಸತ್ಯಕ್ಕೆ ಜಯ ಆಯ್ತು ಅಂತ ನಾವು ಹೇಳಿಬಿಡಬಹುದು. ಆದರೆ ಲೆಕ್ಕ ಹಾಕಿ ನೋಡಿ. ಏಳು ವರ್ಷ ಆ ಹಡಗು ಬಂದರಿನಲ್ಲಿ ಕಟ್ಟಿಹಾಕಿದಲ್ಲೇ ಕೊಳೆಯಿತು. ಆ ಏಳು ವರ್ಷಗಳಲ್ಲಿ ಅದು ಸಮುದ್ರದಲ್ಲಿ ಇದ್ದಿದ್ದರೆ ಎಷ್ಟು ಜನ ಬದುಕುತ್ತಿದ್ದರು? ಆ ಲೆಕ್ಕ ಯಾವ ತೀರ್ಪಿನಲ್ಲೂ ಬರುವುದಿಲ್ಲ.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಈ ಕೇಸುಗಳಲ್ಲಿ ತೀರ್ಪು ಶಿಕ್ಷೆ ಅಲ್ಲ, ಕೇಸು ನಡೆಯುವುದೇ ಶಿಕ್ಷೆ. ವರ್ಷಗಟ್ಟಲೆ ವಿಚಾರಣಾಧೀನ ಕೈದಿಯಾಗಿ ಕೂತು ಕೊನೆಗೆ ‘ನಿರ್ದೋಷಿ’ ಎಂಬ ಕಾಗದ ಹಿಡಿದು ಮನೆಗೆ ಬಂದವರ ಕಥೆ ನಮ್ಮ ದೇಶದಲ್ಲೂ ಏನು ಕಮ್ಮಿಯೇ? ಆ ಕಾಗದದ ಬೆಲೆ ಏನು, ಅದಕ್ಕೆ ತೆತ್ತ ಬೆಲೆ ಏನು ಎಂಬುದು ಅನುಭವಿಸಿದವರಿಗೇ ಗೊತ್ತು.

2019ರ ಜೂನ್‌ನಲ್ಲಿ ‘ಸೀ ವಾಚ್ 3’ ಹಡಗಿನ ಕ್ಯಾಪ್ಟನ್ ಕರೋಲಾ ರಾಕೆಟೆ ಲಿಬಿಯಾದ ಆಚೆ 53 ಜನರನ್ನು ಕಾಪಾಡಿದರು. ಇಟಲಿ ಬಂದರು ತೆರೆಯಲಿಲ್ಲ. ಕಾಯಿಲೆ ಬಿದ್ದ ಕೆಲವರನ್ನು ಮಾತ್ರ ಇಳಿಸಿಕೊಂಡರು, ಉಳಿದವರು ಎರಡು ವಾರ ದಾಟಿದರೂ ಹಡಗಿನಲ್ಲೇ. ಕೊನೆಗೆ ಆಕೆ ಅನುಮತಿ ಇಲ್ಲದೆ ಲ್ಯಾಂಪೆಡೂಸಾ ಬಂದರಿಗೆ ಹಡಗು ತಂದರು. ಆ ಹೊತ್ತಲ್ಲಿ ಅಡ್ಡ ಬಂದ ಗಸ್ತು ಬೋಟಿಗೆ ಹಡಗು ತಾಗಿತು. ಬಂಧನ ಆಯಿತು. ಮೂರೇ ದಿನಕ್ಕೆ ನ್ಯಾಯಾಧೀಶರು ಬಿಡುಗಡೆ ಮಾಡಿದರು. 2020ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಜನರನ್ನು ಹಡಗಿಗೆ ಹತ್ತಿಸಿಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ, ಅವರನ್ನು ಸುರಕ್ಷಿತ ನೆಲಕ್ಕೆ ಇಳಿಸುವವರೆಗೂ ಅದು ಇರುತ್ತದೆ ಎಂದು ವಿವರಿಸಿತು. ಕೇಸು ಪೂರ್ತಿ ಬಿದ್ದದ್ದು 2021ರಲ್ಲಿ.

ಗ್ರೀಸಿನ ಲೆಸ್ಬೊಸ್ ದ್ವೀಪದ ಕಥೆ ಇನ್ನೂ ಉದ್ದ. ಸಿರಿಯಾದ ಈಜುಗಾರ್ತಿ ಸಾರಾ ಮರ್ದಿನಿಯನ್ನು ಕೆಲವರಿಗಾದರೂ ನೆನಪಿರಬಹುದು. 2015ರಲ್ಲಿ ತಾವಿದ್ದ ದೋಣಿಯ ಎಂಜಿನ್ ಕೈಕೊಟ್ಟಾಗ ನೀರಿಗಿಳಿದು ಆ ದೋಣಿಯನ್ನು ದಡದ ಕಡೆಗೆ ಸಾಗಿಸಿದವರಲ್ಲಿ ಈಕೆ ಮತ್ತು ತಂಗಿ ಯುಸ್ರಾ ಇದ್ದರು. ಯುಸ್ರಾ ಮರುವರ್ಷ ರಿಯೊ ಒಲಿಂಪಿಕ್ಸಿನಲ್ಲಿ ನಿರಾಶ್ರಿತರ ತಂಡದಿಂದ ಈಜಿದಳು, ಜಗತ್ತು ಚಪ್ಪಾಳೆ ತಟ್ಟಿತು. ಅಕ್ಕ ಸಾರಾ ತಾನು ಬದುಕಿ ಬಂದ ಅದೇ ದ್ವೀಪಕ್ಕೆ ವಾಪಸ್ ಹೋಗಿ, ತನ್ನ ಹಾಗೆ ಬರುವವರಿಗೆ ನೆರವಾಗುವ ಸ್ವಯಂಸೇವಕಿಯಾದಳು. 2018ರ ಆಗಸ್ಟ್‌ನಲ್ಲಿ ಆಕೆಯನ್ನೂ ಜೊತೆಗಾರರನ್ನೂ ಬಂಧಿಸಿದರು. ಬೇಹುಗಾರಿಕೆ, ಕಳ್ಳಸಾಗಣೆ, ಅಕ್ರಮ ಹಣ, ಇನ್ನೂ ಏನೇನೋ ಆರೋಪ. ನೂರಕ್ಕೂ ಹೆಚ್ಚು ದಿನ ಜೈಲು. ಕಡತದಲ್ಲೇ ತಪ್ಪುಗಳಿದ್ದ ಕಾರಣ 2023ರಲ್ಲಿ ಸಣ್ಣ ಆರೋಪಗಳು ಬಿದ್ದವು. ಆದರೆ ಬಂಧನವಾಗಿ ಏಳು ವರ್ಷ ತುಂಬಿದಾಗಲೂ ಗಂಭೀರ ಆರೋಪಗಳ ಕತ್ತಿ ತಲೆಯ ಮೇಲೆ ತೂಗುತ್ತಲೇ ಇತ್ತು.

ಇವರೆಲ್ಲ ಹೊರಗಿನಿಂದ ಹೋದ ಸ್ವಯಂಸೇವಕರು. ಅವರಿಗೆ ವಕೀಲರಿದ್ದರು, ಪತ್ರಿಕೆಗಳು ಬರೆದವು. ಆದರೆ ಮಾಲ್ಟಾದಲ್ಲಿ ಸಿಕ್ಕಿಬಿದ್ದ ಮೂವರು ಹುಡುಗರ ಸ್ಥಿತಿ ನೋಡಿ. 2019ರ ಮಾರ್ಚ್‌ನಲ್ಲಿ ‘ಎಲ್ ಹಿಬ್ಲು’ ಎಂಬ ಸರಕು ಹಡಗು 108 ಜನರನ್ನು ಕಾಪಾಡಿತು. ಹಡಗು ಲಿಬಿಯಾದ ಕಡೆ ತಿರುಗಿದೆ ಎಂದು ಗೊತ್ತಾದಾಗ ಜನ ಪ್ರತಿಭಟಿಸಿದರು, ಹಡಗು ಮಾಲ್ಟಾ ಕಡೆ ತಿರುಗಿತು. ಇಂಗ್ಲಿಷ್ ಬರುತ್ತಿದ್ದ ಆಫ್ರಿಕಾದ ಹುಡುಗರು ಹಡಗಿನವರಿಗೂ ಜನರಿಗೂ ನಡುವೆ ಮಾತುಕತೆಗೆ ನಿಂತರು. ಒಬ್ಬನಿಗೆ 15 ವರ್ಷ, ಒಬ್ಬನಿಗೆ 16, ಇನ್ನೊಬ್ಬನಿಗೆ 19. ಮಾಲ್ಟಾದ ಸೇನೆ ಹಡಗು ಹತ್ತಿ ಮೂವರನ್ನೂ ಹಿಡಿಯಿತು. ಭಯೋತ್ಪಾದನೆಯ ಆರೋಪವನ್ನೂ ಹಾಕಿದರು! ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ದೋಷಾರೋಪ ಪಟ್ಟಿ ಬರಲು 2023ರ ನವೆಂಬರ್ ಆಗಬೇಕಾಯಿತು. ಹದಿಹರೆಯದಲ್ಲಿ ಹಿಡಿದ ಮಕ್ಕಳು ಕೋರ್ಟಿನ ಮೆಟ್ಟಿಲಲ್ಲೇ ದೊಡ್ಡವರಾದರು.

ಜೈಲಿಗಿಂತ ಸುಲಭದ ದಾರಿ

ಕೋರ್ಟುಗಳಲ್ಲಿ ಕೇಸು ನಿಲ್ಲುತ್ತಿಲ್ಲ ಅಂತ ಗೊತ್ತಾದ ಮೇಲೆ ಸರ್ಕಾರಗಳು ಬೇರೆ ಉಪಾಯ ಹುಡುಕಿದವು. ಕ್ರಿಮಿನಲ್ ಕೇಸಿನ ಬದಲು ಆಡಳಿತದ ನಿಯಮ. ಹಡಗು ತಪಾಸಣೆಯ ನೆಪದಲ್ಲಿ ಬಂದರಿನಲ್ಲಿ ಕಟ್ಟಿಹಾಕುವುದು. ಹಡಗಿನಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು ಅಂತ ಒಂದು ಕಾರಣ ಕೊಡುತ್ತಿದ್ದರು. 2022ರ ಆಗಸ್ಟ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಮುಳುಗುವವರನ್ನು ಎತ್ತಿಕೊಂಡದ್ದರಿಂದ ಹೆಚ್ಚಾದ ಜನಸಂಖ್ಯೆಯೊಂದೇ ತಪಾಸಣೆಗೆ ಕಾರಣವಾಗದು ಎಂದಿತು.

2023ರ ಜನವರಿಯಲ್ಲಿ ಇಟಲಿ ಹೊಸ ಸುಗ್ರೀವಾಜ್ಞೆ ತಂದಿತು. ಗೃಹಮಂತ್ರಿ ಪಿಯಾಂತೆದೋಸಿ ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಫೆಬ್ರವರಿಯಲ್ಲಿ ಅದು ಕಾನೂನಾಯಿತು. ಮೇಲ್ನೋಟಕ್ಕೆ ಕ್ರೂರವಾಗಿ ಕಾಣುವುದಿಲ್ಲ. ರಕ್ಷಣೆ ಮುಗಿದ ಕೂಡಲೇ ಬಂದರು ಕೇಳಬೇಕು, ಹೇಳಿದ ಬಂದರಿಗೆ ತಡ ಮಾಡದೆ ಹೋಗಬೇಕು. ತಪ್ಪಿದರೆ 50 ಸಾವಿರ ಯೂರೊವರೆಗೆ ದಂಡ, 20 ದಿನ ಹಡಗು ಬಂಧನ. ಮತ್ತೆ ತಪ್ಪಿದರೆ ಇನ್ನೂ ಹೆಚ್ಚು. ಇದರಲ್ಲಿ ಏನು ತಪ್ಪು ಅಂತ ಕೇಳಬಹುದು.

ತಪ್ಪು ಎರಡು. ಒಂದು, ಕಾಪಾಡಿ ಬರುವ ದಾರಿಯಲ್ಲಿ ಇನ್ನೊಂದು ದೋಣಿ ಮುಳುಗುತ್ತಿದೆ ಎಂದು ಗೊತ್ತಾದರೂ ಅತ್ತ ತಿರುಗಲು ಕ್ಯಾಪ್ಟನ್ ಹೆದರಬೇಕು. ಎರಡು, ಹತ್ತಿರದ ಸಿಸಿಲಿಯ ಬಂದರುಗಳನ್ನು ಬಿಟ್ಟು ಉತ್ತರದ ರವೆನ್ನಾ, ಆಂಕೋನಾ, ಜಿನೋವಾ, ಲಿವೋರ್ನೊ ಬಂದರುಗಳಿಗೆ ಹೋಗಲು ಹೇಳುತ್ತಾರೆ. ಹೋಗಲು ದಿನಗಟ್ಟಲೆ, ವಾಪಸ್ ಬರಲು ಅಷ್ಟೇ ದಿನ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮಂಗಳೂರಿನ ಹೊರಗಡೆ ಕಾಪಾಡಿದವರನ್ನು ಪಣಂಬೂರಿನಲ್ಲಿ ಇಳಿಸಬೇಡಿ, ಗುಜರಾತಿನ ಕಾಂಡ್ಲಾಕ್ಕೆ ಹೋಗಿ ಎಂದ ಹಾಗೆ. ಅಷ್ಟು ದಿನ ಡೀಸೆಲ್ ಖರ್ಚು ಯಾರದ್ದು? ಅಷ್ಟು ದಿನ ಕಾಪಾಡುವ ಜಾಗದಲ್ಲಿ ಹಡಗೇ ಇಲ್ಲ. ಕಾನೂನಿನ ನಿಜವಾದ ಕೆಲಸ ಅಲ್ಲೇ ಆಗುವುದು.

‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ‘ಜಿಯೊ ಬ್ಯಾರೆಂಟ್ಸ್’ ಹಡಗನ್ನು 2023ರ ಫೆಬ್ರವರಿಯಲ್ಲೇ ಈ ನಿಯಮದಡಿ 20 ದಿನ ಕಟ್ಟಿಹಾಕಿದರು, ದಂಡವನ್ನೂ ಹಾಕಿದರು. ಆಮೇಲೂ ಮತ್ತೆ ಮತ್ತೆ ಬಂಧನ. 2024ರ ಡಿಸೆಂಬರ್‌ನಲ್ಲಿ ಆ ಸಂಸ್ಥೆ ಈ ಹಡಗಿನ ಕೆಲಸವನ್ನೇ ನಿಲ್ಲಿಸಿತು. ಇಟಲಿಯ ಈ ಕಾನೂನುಗಳ ನಡುವೆ ಹಡಗು ಓಡಿಸುವುದು ಅಸಾಧ್ಯ ಎಂದು ಕಾರಣ ಕೊಟ್ಟಿತು. ಯಾರನ್ನೂ ಜೈಲಿಗೆ ಹಾಕಲಿಲ್ಲ, ಸದ್ದುಗದ್ದಲ ಇಲ್ಲ. ಸಮುದ್ರದಲ್ಲಿ ಒಂದು ಹಡಗು ಕಮ್ಮಿ ಆಯ್ತು, ಅಷ್ಟೇ.

2025ರ ಜುಲೈಯಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯದ ಮುಂದೆ ಹಡಗು ಬಂಧನದ ಪ್ರಶ್ನೆ ಬಂತು. ನಿಯಮವನ್ನು ಅದು ರದ್ದು ಮಾಡಲಿಲ್ಲ. ಆದರೆ ಜೀವ ಉಳಿಸುವ ಮೂಲ ಕರ್ತವ್ಯವನ್ನೇ ಮೀರುವಂತೆ ಮಾಡುವ ಆದೇಶ ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ಹೇಳಿತು. ಒಳ್ಳೆಯ ಮಾತು. ಆದರೆ ಆದೇಶ ಅಂಥದ್ದು ಹೌದೋ ಅಲ್ಲವೋ ಎಂದು ತೀರ್ಮಾನ ಆಗುವುದು ಮತ್ತೆ ಕೋರ್ಟಿನಲ್ಲಿ, ತಿಂಗಳುಗಳ ಮೇಲೆ. ಮುಳುಗುವವನಿಗೆ ಅಷ್ಟು ಪುರುಸೊತ್ತು ಇಲ್ಲ.

ಎದುರು ವಾದವನ್ನೂ ಕೇಳೋಣ

ಇಟಲಿ, ಗ್ರೀಸ್‌ನವರನ್ನು ರಾಕ್ಷಸರಂತೆ ತೋರಿಸುವುದು ನಮ್ಮ ಉದ್ದೇಶ ಅಲ್ಲ. ಅವರ ದೂರಿನಲ್ಲೂ ಸತ್ಯ ಉಂಟು. ಯುರೋಪಿಯನ್ ಒಕ್ಕೂಟದ ‘ಡಬ್ಲಿನ್’ ನಿಯಮದಂತೆ, ಆಶ್ರಯ ಕೇಳುವವನು ಮೊದಲು ಯಾವ ದೇಶಕ್ಕೆ ಕಾಲಿಟ್ಟನೋ ಸಾಮಾನ್ಯವಾಗಿ ಆ ದೇಶದ ಮೇಲೆಯೇ ಹೊಣೆ ಬೀಳುತ್ತದೆ. ಉತ್ತರದ ಶ್ರೀಮಂತ ದೇಶಗಳು ಉಪದೇಶ ಕೊಡುತ್ತವೆ, ಭಾರ ಹೊರುವುದು ದಕ್ಷಿಣದವರು. 2023ರಲ್ಲಿ ಇಟಲಿಗೆ ಸಮುದ್ರದ ಮೂಲಕ ಬಂದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಸಣ್ಣ ಮಾತಲ್ಲ. ಆ ಜಗಳ ನ್ಯಾಯದ್ದೇ. ಆದರೆ ಅದನ್ನು ಬ್ರಸೆಲ್ಸ್‌ನಲ್ಲಿ ಮೇಜಿನ ಸುತ್ತ ಕೂತು ಆಡಬೇಕು. ನೀರಿನಲ್ಲಿ ಕೈಕಾಲು ಬಡಿಯುವವರನ್ನು ಮಧ್ಯೆ ಇಟ್ಟು ಆಡಬಾರದು.

ಇನ್ನೊಂದು ವಾದ: ಕಾಪಾಡುವ ಹಡಗು ಇದೆ ಎಂಬ ಧೈರ್ಯದಿಂದಲೇ ಜನ ಹೊರಡುತ್ತಾರೆ, ದಲ್ಲಾಳಿಗಳು ಅದನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಕೇಳಲು ಸರಿ ಎನಿಸುತ್ತದೆ. ಆದರೆ ‘ಮಾರೆ ನಾಸ್ಟ್ರಮ್’ ನಿಂತ ಮೇಲೆ ಏನಾಯಿತು? ಜನ ಹೊರಡುವುದು ನಿಲ್ಲಲಿಲ್ಲ. 2015ರ ಏಪ್ರಿಲ್ 18ರ ರಾತ್ರಿ ಒಂದೇ ದೋಣಿ ಮುಳುಗಿ 800ಕ್ಕೂ ಹೆಚ್ಚು ಜನ ಸತ್ತರು. ಮತ್ತೆ, 2023ರಲ್ಲಿ ಇಟಲಿಗೆ ಬಂದ ಆ ಒಂದೂವರೆ ಲಕ್ಷದಲ್ಲಿ ಸ್ವಯಂಸೇವಾ ಹಡಗುಗಳು ತಂದದ್ದು ಒಂದು ಸಣ್ಣ ಪಾಲು. ಉಳಿದವರನ್ನು ತಂದದ್ದು ಇಟಲಿಯದೇ ಕೋಸ್ಟ್ ಗಾರ್ಡ್, ಇಲ್ಲವೇ ಅವರೇ ದಡ ಮುಟ್ಟಿದರು. ಸಿರಿಯಾದ ಯುದ್ಧ, ಸುಡಾನಿನ ಯುದ್ಧ, ಎರಿಟ್ರಿಯಾದ ಕೊನೆಯಿಲ್ಲದ ಸೈನಿಕ ದುಡಿಮೆ, ಲಿಬಿಯಾದ ಬಂಧನ ಕೇಂದ್ರ, ಇವುಗಳಿಂದ ಓಡುವವನು ಸಮುದ್ರದಲ್ಲಿ ಯಾವ ಹಡಗು ಉಂಟು ಅಂತ ಪಟ್ಟಿ ನೋಡಿ ಹೊರಡುವುದಿಲ್ಲ.

ದಲ್ಲಾಳಿಗಳಿಗೆ ಶಿಕ್ಷೆ ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಮನೆ ಅಡವಿಟ್ಟ ದುಡ್ಡು ತೆಗೆದುಕೊಂಡು ತೂತು ದೋಣಿಗೆ ಹತ್ತಿಸುವವನು ಕೊಲೆಗಾರನೇ. ಆದರೆ ಅವನು ಲಿಬಿಯಾದಲ್ಲೋ ಟರ್ಕಿಯಲ್ಲೋ ಆರಾಮವಾಗಿ ಇರುತ್ತಾನೆ. ಸಿಕ್ಕಿಬೀಳುವುದು ಯಾರು? 2023ರ ಜೂನ್ 14ರಂದು ಗ್ರೀಸಿನ ಪೈಲೊಸ್ ಆಚೆ ‘ಆಡ್ರಿಯಾನಾ’ ಮುಳುಗಿತು. ಸುಮಾರು 750 ಜನ ಇದ್ದ ಆ ಬೋಟಿನಲ್ಲಿ ಬದುಕಿದ್ದು 104 ಮಂದಿ. ಸತ್ತವರಲ್ಲಿ ಪಾಕಿಸ್ತಾನ, ಈಜಿಪ್ಟ್, ಸಿರಿಯಾದವರು ಬಹಳ. ಬದುಕಿದವರಲ್ಲಿ ಒಂಬತ್ತು ಈಜಿಪ್ಟಿನವರನ್ನೇ ಹಿಡಿದು ಕಳ್ಳಸಾಗಣೆ ಕೇಸು ಹಾಕಿದರು. 11 ತಿಂಗಳ ಮೇಲೆ ಕಲಮಾಟಾ ಕೋರ್ಟು, ಘಟನೆ ನಡೆದದ್ದು ಅಂತಾರಾಷ್ಟ್ರೀಯ ಸಮುದ್ರದಲ್ಲಿ, ತನಗೆ ಅಧಿಕಾರವೇ ಇಲ್ಲ ಎಂದು ಕೇಸು ಕೈಬಿಟ್ಟಿತು.

ನಮ್ಮ ಕರಾವಳಿಗೆ ಇದು ಯಾಕೆ ಬೇಕು?

ಎಲ್ಲಿಯ ಮೆಡಿಟರೇನಿಯನ್, ಎಲ್ಲಿಯ ನಾವು ಅಂತ ಕೇಳುವವರಿಗೆ ಎರಡು ಮಾತು.

ಮೊದಲನೆಯದು ಕಡಲಿನದು. 1960–70ರ ದಶಕದಲ್ಲಿ ನಮ್ಮ ನೆರೆಯ ಮಲಬಾರಿನಿಂದ ಸಾವಿರಾರು ಹುಡುಗರು ಲಾಂಚ್ ಹತ್ತಿ, ಕಾಗದಪತ್ರ ಇಲ್ಲದೆ ಗಲ್ಫ್‌ಗೆ ಹೊರಟರು. ಖೋರ್‌ಫಕ್ಕಾನ್ ಹತ್ತಿರ ನೀರಿಗಿಳಿದು ಈಜಿ ದಡ ಸೇರಿದವರಿದ್ದರು, ಸೇರದವರೂ ಇದ್ದರು. ಕಾಗದ ಇಲ್ಲದವನು ಕಳ್ಳ ಎಂಬ ಮಾತನ್ನು ಗಲ್ಫ್ ದುಡ್ಡಿನಿಂದ ಮನೆ ಕಟ್ಟಿದ ಕರಾವಳಿಯವರು ಸಲೀಸಾಗಿ ಆಡಬಾರದು. ಇನ್ನು ಇತ್ತೀಚಿನದ್ದು: 2025ರ ಜೂನ್ 9ರಂದು ಕೇರಳದ ಆಚೆ ‘ವಾನ್ ಹೈ 503’ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಮಂದಿಯಲ್ಲಿ 18 ಮಂದಿಯನ್ನು ಕಾಪಾಡಿ ನೌಕಾಪಡೆಯ ‘ಐಎನ್‌ಎಸ್ ಸೂರತ್’ ನಮ್ಮ ನವಮಂಗಳೂರು ಬಂದರಿಗೆ ತಂದಿತು. ಚೀನಾದವರಿದ್ದರು, ತೈವಾನಿನವರಿದ್ದರು, ಮ್ಯಾನ್ಮಾರಿನವರಿದ್ದರು. ಸುಟ್ಟ ಗಾಯದವರನ್ನು ನಮ್ಮೂರಿನ ಆಸ್ಪತ್ರೆಗೆ ಸೇರಿಸಿದರು. ಅವರು ಹಡಗಿನ ನೌಕರರು, ವಲಸಿಗರಲ್ಲ, ನಿಜ. ಆದರೆ ಕಾಪಾಡುವ ಹೊತ್ತಲ್ಲಿ ಯಾರೂ ಆ ವ್ಯತ್ಯಾಸ ಹುಡುಕುವುದಿಲ್ಲ. ಮೊದಲು ಮನುಷ್ಯನನ್ನು ನೀರಿನಿಂದ ಎತ್ತುವುದು, ಕಾಗದ ಆಮೇಲೆ. ಜಗತ್ತಿನ ಯಾವ ದಡದಲ್ಲೂ ಇದೇ ಮರ್ಯಾದೆ.

ಎರಡನೆಯದು ಕಾನೂನಿನದು. ಇದರಲ್ಲಿ ನಮ್ಮ ರಾಜ್ಯಕ್ಕೆ ಹೇಳಿಕೊಳ್ಳಲು ಒಂದು ಹೆಮ್ಮೆ ಉಂಟು. ಹೆದ್ದಾರಿಯಲ್ಲಿ ಅಪಘಾತ ಆದಾಗ ಬಿದ್ದವನನ್ನು ಆಸ್ಪತ್ರೆಗೆ ಒಯ್ಯಲು ಜನ ಹೆದರುತ್ತಿದ್ದ ಕಾಲ ನೆನಪಿದೆಯಾ? ‘ನಮಗ್ಯಾಕೆ ಮಾರಾಯ್ರೆ, ಸ್ಟೇಷನ್ನಿಗೆ ಅಲೆಸ್ತಾರೆ, ಕೋರ್ಟಿಗೆ ಎಳೀತಾರೆ’ ಅಂತ ಗಾಡಿ ನಿಲ್ಲಿಸದೆ ಹೋಗುತ್ತಿದ್ದರು. ಜನ ಕಲ್ಲುಹೃದಯದವರಾಗಿದ್ದರು ಅಂತಲ್ಲ. ಕೇಸಿನ ಹೆದರಿಕೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಇಂಥವರ ರಕ್ಷಣೆಗೆ ಮಾರ್ಗಸೂಚಿಯನ್ನು ಕಡ್ಡಾಯ ಮಾಡಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ನೆರವಿಗೆ ಬಂದವರನ್ನು ಕಾಯುವ ಕಾನೂನು ಪಾಸು ಮಾಡಿತು, 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ಇಂಥ ಕಾನೂನು ತಂದ ಮೊದಲ ರಾಜ್ಯ ನಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ಇಡೀ ದೇಶಕ್ಕೇ ಈ ರಕ್ಷಣೆ ಸಿಕ್ಕಿತು.

ಇದರ ಹಿಂದಿನ ತಿಳಿವಳಿಕೆ ಬಹಳ ಸರಳ. ಕಾಪಾಡಿದವನನ್ನು ಕೊನೆಗೆ ಬಿಟ್ಟುಬಿಟ್ಟರೆ ಸಾಲದು. ಅವನ ಮೇಲೆ ಕೇಸೇ ಆಗುವುದಿಲ್ಲ ಎಂಬ ಭರವಸೆ ಮೊದಲೇ ಸಿಗಬೇಕು. ಹಾಗಿದ್ದರೆ ಮಾತ್ರ ಮುಂದಿನವನು ಗಾಡಿ ನಿಲ್ಲಿಸುತ್ತಾನೆ. ರಸ್ತೆಗೆ ಸರಿಯಾದದ್ದು ಸಮುದ್ರಕ್ಕೂ ಸರಿಯೇ ಅಲ್ವಾ?

ಯುರೋಪಿನಲ್ಲೂ ಈ ದಿಕ್ಕಿನ ದನಿ ಇಲ್ಲವೆಂದಲ್ಲ. 2018ರ ಜುಲೈಯಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿ ಒಂದು ಅಪರೂಪದ ತೀರ್ಪು ಕೊಟ್ಟಿತು. ವಲಸಿಗರಿಗೆ ನೆರವಾದ ರೈತ ಸೆಡ್ರಿಕ್ ಎರೂ ಅವರ ಪ್ರಕರಣ ಅದು. ಫ್ರಾನ್ಸಿನ ಧ್ಯೇಯವಾಕ್ಯದಲ್ಲಿರುವ ‘ಭ್ರಾತೃತ್ವ’ ಬರೀ ಘೋಷಣೆಯಲ್ಲ, ಸಂವಿಧಾನದ ತತ್ವ. ದೇಶದೊಳಗೆ ಇರುವವನು ಹೇಗೆ ಬಂದ ಅಂತ ನೋಡದೆ ಮಾನವೀಯ ಉದ್ದೇಶದಿಂದ ನೆರವಾಗುವ ಸ್ವಾತಂತ್ರ್ಯ ಅದರಲ್ಲಿ ಬರುತ್ತದೆ ಎಂದಿತು. ಆದರೆ ಗಡಿ ದಾಟಿಸುವ ನೆರವಿಗೆ ಆ ರಕ್ಷಣೆಯನ್ನು ವಿಸ್ತರಿಸಲಿಲ್ಲ. ಸಮುದ್ರದಲ್ಲಿ ಕಾಪಾಡುವವರು ಸಿಕ್ಕಿಬೀಳುವುದು ಸರಿಯಾಗಿ ಅದೇ ಗಡಿಯಲ್ಲಿ.

2023ರ ನವೆಂಬರ್‌ನಲ್ಲಿ ಯುರೋಪಿಯನ್ ಆಯೋಗ 2002ರ ಹಳೇ ನಿರ್ದೇಶನದ ಬದಲಿಗೆ ಹೊಸದರ ಕರಡು ಮುಂದಿಟ್ಟಿತು. ಹಳೇ ತಪ್ಪು ಸರಿಪಡಿಸಲು ಇದು ಅವಕಾಶ. ಕೇಳಬೇಕಾದದ್ದು ಮೂರೇ ಮೂರು. ಒಂದು, ಲಾಭ ಇಲ್ಲದೆ ಮಾಡಿದ ನೆರವು ಅಪರಾಧ ಅಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ‘ವಿನಾಯಿತಿ ಕೊಡಬಹುದು’ ಅಂತ ಅಲ್ಲ, ‘ಕೊಡಬೇಕು’ ಅಂತ. ಎರಡು, ಕೇಸು ಇತ್ಯರ್ಥ ಆಗುವವರೆಗೆ ರಕ್ಷಣಾ ಹಡಗನ್ನು ಕಟ್ಟಿಹಾಕುವುದನ್ನು ನಿಲ್ಲಿಸಬೇಕು. ನಿಜಕ್ಕೂ ತಪ್ಪು ಮಾಡಿದವರಿದ್ದರೆ ಅವರನ್ನು ವಿಚಾರಣೆಗೆ ಒಳಪಡಿಸಿ, ಹಡಗು ಸಮುದ್ರದಲ್ಲಿ ಇರಲಿ. ಮೂರು, ಬಂದರು ಹತ್ತಿರದ್ದೇ ಆಗಿರಬೇಕು. ಜನರನ್ನು ಯಾವ ದೇಶ ಇಟ್ಟುಕೊಳ್ಳಬೇಕು ಎಂಬ ಚರ್ಚೆ ಅವರು ನೆಲಕ್ಕೆ ಕಾಲಿಟ್ಟ ಮೇಲೆ ಎಷ್ಟು ಬೇಕಾದರೂ ನಡೆಯಲಿ.

ಇದರಲ್ಲಿ ಸತ್ತವರ ಧರ್ಮ, ಕಾಪಾಡಿದವರ ಧರ್ಮ ಎರಡನ್ನೂ ನಾವು ಎತ್ತಲಿಲ್ಲ. ಸತ್ತವರಲ್ಲಿ ನಮ್ಮ ಸಮುದಾಯದವರು ಬಹಳ ಇದ್ದಾರೆ, ಅವರಿಗಾಗಿ ಜೈಲು ಕಂಡವರಲ್ಲಿ ಜರ್ಮನಿಯ ಕ್ರೈಸ್ತ ಮನೆಗಳ ಮಕ್ಕಳು ಇದ್ದಾರೆ, ಯಾವ ದೇವರನ್ನೂ ನಂಬದವರೂ ಇದ್ದಾರೆ. ‘ನಮ್ಮವರು’ ಎಂದು ಅಳುವ ನಾವು, ‘ಇವರೂ ನಮ್ಮವರೇ’ ಎಂದು ಕೋರ್ಟಿಗೆ ಹೋದವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಹಾಗೆಯೇ ನಮ್ಮ ಅಳಿವೆ ಬಾಗಿಲಲ್ಲಿ ನಾಳೆ ಯಾವ ದೇಶದ ಯಾವ ಮನುಷ್ಯ ಮುಳುಗುತ್ತಿದ್ದರೂ, ನಮ್ಮ ಬೋಟಿನವರು ಎರಡು ಸಲ ಯೋಚಿಸದೆ ಹಗ್ಗ ಎಸೆಯುವಂಥ ಕಾನೂನು ನಮ್ಮಲ್ಲಿ ಇರಬೇಕು. ಇಲ್ಲದಿದ್ದರೆ ಅದನ್ನು ಕೇಳುವುದು ಕರಾವಳಿಯವರಾದ ನಮ್ಮ ಕೆಲಸ.